ಮೊದಲ ಕತ್ತರಿ

ಹೆಬ್ಬೆರಳು ಎಲ್ಲಕ್ಕಿಂತ ಒಳಗೆ ಸಿಕ್ಕಿತ್ತು. ಉಳಿದ ಬೆರಳುಗಳು ಅದರ ಮೇಲೆ ಬಿಗಿದು ಕೂತಿದ್ದವು. ಮಾಳು ತನ್ನ ಉಗುರನ್ನು ಅಪ್ಪನ ಕಿರುಬೆರಳಿನ ಕೆಳಗೆ ತೂರಿಸಿ ಎಬ್ಬಿದ. ಬೆರಳು ಚೂರು ಮೇಲೆದ್ದಿತು, ಉಗುರು ಜಾರಿತು, ಬೆರಳು ಮತ್ತೆ ಅಂಗೈಗೆ ಬಡಿದು ಕೂತಿತು. ಒಳಗಿನಿಂದ ಹುಳಿತ ಬೆವರಿನ ವಾಸನೆ ಬಂತು.

"ಬಿಡಲೇ ಭಾಡ್ಯಾ," ಅಂದ ಪಾಂಡಪ್ಪ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರಿಂದ ಅವನ ಮಾತು ಜೊಲ್ಲಿನ ಜೊತೆ ಕಲಸಿಕೊಂಡು ಬರುತ್ತಿತ್ತು. ಬೈಗುಳ ಮಾತ್ರ ಮೊದಲಿನಷ್ಟೇ ಸ್ಪಷ್ಟ.

"ಕೈ ತೆರೀಬೇಕು. ತೆರೀದಿದ್ರ ಕತ್ತರಿ ನಡ್ಯಂಗಿಲ್ಲ."

"ಕತ್ತರಿಗೆ ಮುಷ್ಟಿ ಬೇಕು. ಅಂಗೈ ಚಾಚಾವ್ರು ಭಿಕ್ಷಾ ಬೇಡಾವ್ರು. ನಿಮ್ಮಪ್ಪಗ ಭಿಕ್ಷಾ ಬೇಡೂದು ಕಲಸಾಕ ಬಂದಿ ಏನ?"

ಮಾಳು ಆ ಕೈಯನ್ನು ಅಪ್ಪನ ತೊಡೆಯ ಮೇಲೆ ಒಗೆದು ಎದ್ದ. ಒಗೆದ ಕೈ ಕಲ್ಲಿನ ಹಾಗೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವ ಲಗಮವ್ವ ಗಂಡನಿಗೂ ಏನೂ ಅನ್ನಲಿಲ್ಲ, ಮಗನಿಗೂ ಏನೂ ಅನ್ನಲಿಲ್ಲ. ಈ ಮನೆಯಲ್ಲಿ ಮಾತಿಗೆ ಅಡ್ಡ ಬಂದವರು ಪೆಟ್ಟು ತಿಂದೇ ಕಲಿತವರು. ಹೊಡೆಯುವ ಕೈ ಈಗ ಏಳುವುದಿಲ್ಲ ಎಂಬುದು ಅವಳ ಮೈಗೆ ಇನ್ನೂ ತಿಳಿದಿರಲಿಲ್ಲ. ಗಂಡ ಸ್ವಲ್ಪ ಮಿಸುಕಿದರೂ ಅವಳ ಭುಜ ಕಿವಿಯ ಹತ್ತಿರ ಹೋಗುತ್ತಿತ್ತು.

ಲಕ್ವಾ ಹೊಡೆದದ್ದು ಸುಗ್ಗಿ ಮುಗಿಯುವ ಹೊತ್ತಿಗೆ. ಪಾಂಡಪ್ಪ ಗಲಗಲಿಯ ಹೊಳೆದಂಡೆಯಲ್ಲಿ ಕುರಿ ನಿಲ್ಲಿಸಿ ಎಲೆ ಹಾಕಿಕೊಳ್ಳುತ್ತಿದ್ದ. ಸುಣ್ಣದ ಡಬ್ಬಿ ಕೈಯಿಂದ ಜಾರಿತು. ಡಬ್ಬಿಯನ್ನೇ ಬೈದ. ಎತ್ತಿಕೊಳ್ಳಲು ಬಗ್ಗಿದವನು ಹಾಗೇ ಬಲಮಗ್ಗಲಾಗಿ ಉರುಳಿದ. ಆಮೇಲೆ ಕಾಲು ಎಳೆದೆಳೆದು ನಡೆಯುವಷ್ಟು ಬಂತು. ಕೈ ಮೊದಮೊದಲು ಸತ್ತ ಹಾವಿನಂತೆ ಜೋತು ಬಿದ್ದಿತ್ತು. ಬರಬರುತ್ತ ತಾನಾಗಿಯೇ ಮಡಚಿಕೊಳ್ಳತೊಡಗಿತು. ಮೊಣಕೈ ಎದೆಗೆ ಬಂತು, ಬೆರಳು ಅಂಗೈಗೆ ಇಳಿದವು. ಮುಷ್ಟಿ ಕಟ್ಟಿದ್ದನ್ನು ಕಂಡು ಪಾಂಡಪ್ಪ ಖುಷಿಪಟ್ಟ. ಶಕ್ತಿ ಬರುತ್ತಿದೆ ಅಂದ. ಬಂದವರಿಗೆಲ್ಲ ಮುಷ್ಟಿ ತೋರಿಸಿದ. ಅವ್ವ ಕೊಟ್ಟ ಉಣ್ಣೆಯ ಉಂಡೆಯನ್ನು ಅದರೊಳಗೆ ತುರುಕಿಸಿಕೊಂಡು ದಿನವಿಡೀ ಹಿಂಡುತ್ತ ಕೂತ.

ಕಾರಹುಣ್ಣಿಮೆ ಕಳೆದ ಸೋಮವಾರ ಮರಿಗಳ ಮೊದಲ ಉಣ್ಣೆ ತೆಗೆಯಬೇಕು. ಅವರ ವಂಶದಲ್ಲಿ ಇದೊಂದು ಕಟ್ಟಳೆ. ಮೊದಲ ಮರಿಯ ಉಣ್ಣೆ ಕುಲದೇವರು ಬೀರಪ್ಪನ ಕಂಬಳಿಗೆ. ಅದನ್ನು ಹಿಂಡಿನ ಯಜಮಾನ ಬಲಗೈಯಲ್ಲಿ, ತಾನೇ, ಪೂರ್ತಿ ಕತ್ತರಿಸಬೇಕು. ಕತ್ತರಿಯ ಮೇಲೆ ಎರಡನೆಯವನ ಕೈ ಬೀಳಬಾರದು. ಅರ್ಧ ಕತ್ತರಿಸಿದ ಮರಿ ಎದ್ದು ನಿಂತರೆ ಯಜಮಾನಿಕೆ ಅಲ್ಲಿಗೆ ಮುಗಿಯಿತು. ಕತ್ತರಿ ತಮ್ಮನಿಗೆ, ಕತ್ತರಿಯ ಹಿಂದೆ ಹಿಂಡೂ ತಮ್ಮನಿಗೆ. ಮಗನ ಪಾಳಿ ತಮ್ಮನ ಆಮೇಲೆ. ಇದು ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ, ಆದರೆ ಅವರಲ್ಲಿ ಇದಕ್ಕಾಗಿ ಕೋರ್ಟಿಗೆ ಹೋದವರೂ ಇಲ್ಲ.

ಪಾಂಡಪ್ಪನ ತಮ್ಮ ಗಿರಿಮಲ್ಲಪ್ಪ ಆ ಸೋಮವಾರಕ್ಕಾಗಿ ಕಾಯುತ್ತಿದ್ದ. ಬೀಳಗಿ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು, ಮಾಳ್ಯಾನ್ನ ಕೈಬಿಡುವುದಿಲ್ಲ, ಕುರಿ ಕಾಯಲು ಇಟ್ಟುಕೊಳ್ಳುತ್ತೇನೆ, ಎರಡು ಹೊತ್ತು ರೊಟ್ಟಿ, ವರ್ಷಕ್ಕೊಂದು ಕಂಬಳಿ ಅಂತ ಹೇಳಿದ್ದನಂತೆ. ಕೇಳಿದವರು ಅದನ್ನು ಮಾಳುವಿಗೆ ಮುಟ್ಟಿಸಿದರು. ಮುಟ್ಟಿಸುವಾಗ ಅವರ ಮುಖದಲ್ಲಿ ಹಬ್ಬವಿತ್ತು. ಹುಟ್ಟಿದಾಗಿನಿಂದ ಯಾವ ಹಿಂಡಿನ ಹಿಂದೆ ಕೂಳಿಗಾಗಿ ನಡೆದನೋ ಅದೇ ಹಿಂಡಿನ ಹಿಂದೆ ಇನ್ನು ಕಾಕಾನ ಆಳಾಗಿ ನಡೆಯಬೇಕು.

ಬೇರೆ ದಾರಿ ಇದ್ದರೆ ಮಾಳು ಹಿಂಡಿಗೆ ಉಗಿದು ಹೋಗುತ್ತಿದ್ದ. ದಾರಿ ಇರಲಿಲ್ಲ. ಹೊಲ ಆಲಮಟ್ಟಿಯ ಹಿನ್ನೀರಿನ ಕೆಳಗಿತ್ತು. ಸಾಲಿ ಏಳನೆಯ ಇಯತ್ತೆಗೆ ನಿಂತಿತ್ತು. ಬೆಳಗಾವಿಗೆ ಮಿಲ್ಟ್ರಿ ಭರ್ತಿಗೆ ಹೋದಾಗ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದ. ಎರಡೂ ಕೈ ಮುಂದೆ ಚಾಚು ಅಂದರು. ಚಾಚಿದ. ಬಲಗೈ ನೆಟ್ಟಗಾಯಿತು, ಎಡಗೈ ಮೊಣಕೈಯಲ್ಲಿ ಬಾಗಿಯೇ ಉಳಿಯಿತು. ಪಕ್ಕಕ್ಕೆ ಹೋಗು ಅಂದರು. ಆ ಮೊಣಕೈ ಸಾಲಿ ಬಿಟ್ಟ ವರ್ಷ ಆಲದ ಟೊಂಗೆ ಕಡಿಯುವಾಗ ಮರದಿಂದ ಬಿದ್ದು ಮುರಿದದ್ದು. ಹಿಂಡು ಆಗ ಹೊಳೆಯಾಚೆ, ವಿಜಾಪುರದ ಕಡೆ ಇತ್ತು. ಅವ್ವ ಊರಲ್ಲಿದ್ದಳು. ಹೊಳೆ ತುಂಬಿ ಬಂದಿದೆ, ದವಾಖಾನೆಗೆ ದಾಟಲು ಆಗುವುದಿಲ್ಲ ಅಂತ ಪಾಂಡಪ್ಪ ಬಿದಿರಿನ ಸೀಳು ಇಟ್ಟು ಉಣ್ಣೆ ದಾರದಿಂದ ಕಟ್ಟಿದ್ದ. ಕಟ್ಟು ಬಿಚ್ಚಿದಾಗ ಕೈ ಹೀಗಿತ್ತು.

ಬೆರಳು ಎಬ್ಬಲಾಗದ ಮರುದಿನ ಮಾಳು ಅಪ್ಪನನ್ನು ಬಸ್ಸಿಗೆ ಹತ್ತಿಸಿ ಜಮಖಂಡಿಯ ದವಾಖಾನೆಗೆ ಒಯ್ದ. ಕೈಕಾಲಿನ ವ್ಯಾಯಾಮ ಹೇಳಿಕೊಡುವ ಅಕ್ಷತಾಬಾಯಾರು ಒಂದು ಸಣ್ಣ ಕೋಣೆಯಲ್ಲಿ ಕೂತಿದ್ದರು. ಹೊರಗೆ ಮಂದಿ ಗೋಡೆಗೆ ಒರಗಿ ನಿಂತಿದ್ದರು. ಬಾಯಾರಿಗೆ ಸಿಡುಕಲೂ ಪುರಸೊತ್ತು ಇರಲಿಲ್ಲ. ಉಣ್ಣೆಯ ಉಂಡೆ ಕಂಡು, ಇದನ್ನು ಹಿಂಡಲು ಹೇಳಿದವರು ಯಾರು ಅಂತ ಕೇಳಿದರು. ಪಾಂಡಪ್ಪ ಮೇಲೆ ತಿರುಗುವ ಫ್ಯಾನು ನೋಡಿದ.

"ಸ್ನಾಯುಕ್ಕ ಜಗ್ಗೂದಷ್ಟ ಗೊತ್ತು, ನೂಕೂದು ಗೊತ್ತಿಲ್ಲ," ಅಂದರು ಬಾಯಾರು, ಮಾಳುವಿಗೆ. "ಮಡಚೂವು ಈ ಕಡಿ, ಬಿಡಸೂವು ಆ ಕಡಿ. ಒಂದು ಜಗ್ಗಿದಾಗ ಇನ್ನೊಂದು ಸಡಲ ಬಿಡಬೇಕು. ಬಿಡು ಅನ್ನೂ ಮಾತು ಇವರ ಮಿದುಳಿಂದ ಕೈಗೆ ಮುಟ್ಟವಲ್ದು. ಅದಕ್ಕ ಮಡಚೂದ ಗೆದ್ದು ಕುಂತೈತಿ. ನೀವು ಅದಕ್ಕ ಮತ್ತ ಮೇವು ಹಾಕೀರಿ."

ಮಾಳುವಿಗೆ ಕುರಿ ಕೊಯ್ದ ದಿನಗಳು ನೆನಪಾದವು. ಕತ್ತರಿಸಿ ಎಸೆದ ಕಾಲಿನ ತುದಿಯಲ್ಲಿ ಬಿಳಿ ನರ ಇಣುಕುತ್ತಿತ್ತು. ಅದನ್ನು ಜಗ್ಗಿದರೆ ಸತ್ತ ಗೊರಸು ಮಡಚಿಕೊಳ್ಳುತ್ತಿತ್ತು. ಹುಡುಗರೆಲ್ಲ ಒಬ್ಬರ ಮುಖಕ್ಕೆ ಒಬ್ಬರು ಹಿಡಿದು ಅಂಜಿಸುತ್ತಿದ್ದರು. ಬಿಟ್ಟರೆ ಗೊರಸು ನೆಟ್ಟಗಾಗುತ್ತಿರಲಿಲ್ಲ. ಹಿಂದಿನ ಇನ್ನೊಂದು ನರ ಹುಡುಕಿ ಜಗ್ಗಬೇಕಾಗುತ್ತಿತ್ತು.

ಬೆರಳು ಹಿಡಿದು ಎಳೆಯಬೇಡಿ ಅಂದರು ಬಾಯಾರು. ಎಳೆದಷ್ಟೂ ಅದು ಬಿಗಿಯುತ್ತದೆ. ಅವರು ಪಾಂಡಪ್ಪನ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗೆ ಬಗ್ಗಿಸಿದರು, ಹಾಗೇ ಹಿಡಿದು ಕಾದರು. ಬಲಿತ ಹತ್ತಿಕಾಯಿ ಬಾಯಿ ಬಿಡುವ ಹಾಗೆ ಬೆರಳುಗಳು ತಾವಾಗಿಯೇ ಸಡಿಲಾದವು. ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ದಿನಾ ಹೀಗೆ ತೆರೆಯಬೇಕು, ತೆರೆದ ಮೇಲೆ ಅವರೇ ತೆರೆಯಲು ಪ್ರಯತ್ನಿಸಬೇಕು ಅಂತ ಹೇಳಿದರು. ಸಿಟ್ಟು ಬರಿಸಬಾರದು, ಸಿಟ್ಟು ಬಂದರೆ ಮೈಯೆಲ್ಲ ಬಿಗಿಯುತ್ತದೆ, ಕೈಯಂತೂ ಬೀಗ ಬಿದ್ದ ಹಾಗೆ. ಮಾಳುವಿಗೆ ನಗು ಬಂತು. ಅಪ್ಪನಿಗೆ ಸಿಟ್ಟಿಲ್ಲದ ಹೊತ್ತನ್ನು ಎಲ್ಲಿಂದ ತರುವುದು.

ಹೊರಡುವಾಗ ಬಾಯಾರು ಮಾಳುವಿನ ಎಡಮೊಣಕೈ ನೋಡಿದರು. ಮುಟ್ಟಿ, ಒತ್ತಿ, ಇದು ಯಾವಾಗ ಅಂತ ಕೇಳಿದರು. ಎಲುಬು ಸೊಟ್ಟ ಕೂಡಿಕೊಂಡಿದೆ, ಆಗಲೇ ತಂದಿದ್ದರೆ ಕೀಲು ನೆಟ್ಟಗಾಗುತ್ತಿತ್ತು ಅಂದರು. ಈಗ? ಅಂತ ಮಾಳು ಕೇಳಿದ. ಈಗ ಆಗಲ್ಲ ಅಂತ ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಪಾಂಡಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಹೆಂಗಸಿನ ಕೈಗೆ ಕೈ ಕೊಡಿಸಿದಿ ಅಂತ ಒಂದೇ ಮಾತು ಅಂದ.

ಅಂದಿನಿಂದ ಮನೆಯಲ್ಲಿ ದಿನಾ ಬೆಳಿಗ್ಗೆ ಯುದ್ಧ. ಮಾಳು ಎದುರು ಕೂತು ಅಪ್ಪನ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದ. ಮಣಿಕಟ್ಟು ಬಗ್ಗಿಸಿ ಕಾಯುತ್ತಿದ್ದ. ಪಾಂಡಪ್ಪ ಬೈಯುತ್ತಿದ್ದ. ಬೈದಷ್ಟು ಹೊತ್ತು ಕೈ ತೆರೆಯುತ್ತಿರಲಿಲ್ಲ. ಮಾಳುವಿನ ಹಲ್ಲು ಕಟಕಟ ಅನ್ನುತ್ತಿತ್ತು. ಇದೇ ಕೈ ತನ್ನ ಕಪಾಳಕ್ಕೆ, ಅವ್ವನ ಬೆನ್ನಿಗೆ ಬಿದ್ದದ್ದು. ಇದನ್ನೇ ಈಗ ಎಣ್ಣೆ ಹಚ್ಚಿ, ಬಿಸಿನೀರಲ್ಲಿ ತೊಳೆದು, ಮತ್ತೆ ಬದುಕಿಸಬೇಕು. ಒಂದು ದಿನ ಅವ್ವ ಒಲೆಯ ಮುಂದಿನಿಂದಲೇ, ದನಿ ತಗ್ಗಿಸಿ, "ಕತ್ತರಿ ಹಿಡಿಯೂವಷ್ಟ ಮಾಡಪಾ. ಅದಕ್ಕಿಂತ ಹೆಚ್ಚ ಮಾಡಬ್ಯಾಡ," ಅಂದಳು. ಮಾಳು ತಿರುಗಿ ನೋಡಿದ. ಅವಳು ರೊಟ್ಟಿ ತಟ್ಟುತ್ತಿದ್ದಳು.

ಬೈದು ಬೈದು ಸುಸ್ತಾದ ಮೇಲೆ, ಪಾಂಡಪ್ಪ ಅರ್ಧ ನಿದ್ದೆಗೆ ಜಾರಿದಾಗ, ಕೈ ತೆರೆಯುತ್ತಿತ್ತು. ಆ ಹೊತ್ತು ನೋಡಿ ಮಾಳು ಅದರಲ್ಲಿ ಕತ್ತರಿ ಇಡುತ್ತಿದ್ದ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಮೊಳದುದ್ದದ್ದು, ನಡುವೆ ಮೊಳೆ ಹೊಡೆದದ್ದು. ಮುಚ್ಚಲೂ ಕೈ ಬೇಕು, ತೆರೆಯಲೂ ಕೈ ಬೇಕು. ಹರಿದ ಕಂಬಳಿಯನ್ನು ಮುಂದೆ ಹಿಡಿದರೆ ಪಾಂಡಪ್ಪ ಕಚ್ಚನೆ ಕತ್ತರಿಸುತ್ತಿದ್ದ. ಆಮೇಲೆ ಬೆರಳು ನಡುಗುತ್ತಿದ್ದವು, ಮುಂಗೈಯ ಮೇಲೆ ನರದ ಎಳೆಯೊಂದು ಎದ್ದು ನಿಲ್ಲುತ್ತಿತ್ತು, ಅಲಗು ಅಲಗಿನಿಂದ ಕೂದಲೆಳೆಯಷ್ಟು ಅಗಲುತ್ತಿತ್ತು. ಹುಣ್ಣಿಮೆ ಹತ್ತಿರ ಬರುವಷ್ಟರಲ್ಲಿ ಎರಡು ಬೆರಳಿನಷ್ಟು ಅಗಲತೊಡಗಿತು. ಸಾಕು, ನಿಧಾನವಾಗಿ ಒಂದು ಮರಿ ಮುಗಿಯುತ್ತದೆ ಅಂತ ಮಾಳು ಲೆಕ್ಕ ಹಾಕಿದ. ಅವನ ಲೆಕ್ಕದಲ್ಲಿ ಸುತ್ತ ನಿಂತು ನೋಡುವ ಮಂದಿ ಇರಲಿಲ್ಲ.

ಸೋಮವಾರ ಕುರಿಗಳನ್ನು ಹಿನ್ನೀರಿನಲ್ಲಿ ತೊಳೆದು ತಂದಿದ್ದರು. ಬೇಸಿಗೆಗೆ ನೀರು ಹಿಂದೆ ಸರಿದು ಕಪ್ಪು ಕೆಸರು ಬಿರಿದಿತ್ತು. ಮುಳುಗಡೆಯಾದ ಮೇಲೆ ಕಟ್ಟಿದ ಹೊಸ ಊರಿನಲ್ಲಿ, ಬೀರಪ್ಪನ ತಗಡಿನ ಗುಡಿಯ ಮುಂದೆ ಹಿಂಡು ನಿಂತು ಆವಿಯಾಡುತ್ತಿತ್ತು. ಪೂಜಾರಿ ಮುತ್ಯಾ ಮೊದಲ ಮರಿಯ ಹಣೆಗೆ ಭಂಡಾರ ಹಚ್ಚಿದ. ಮಾಳು ಅದರ ನಾಲ್ಕೂ ಕಾಲು ಕೂಡಿಸಿ ಹಗ್ಗದಿಂದ ಕಟ್ಟಿ ಮಗ್ಗಲಾಗಿ ಮಲಗಿಸಿದ. ತಾಯಿಕುರಿ ಹಿಂಡಿನೊಳಗಿಂದ ಕೂಗತೊಡಗಿತು.

ಪಾಂಡಪ್ಪ ಕಾಲೆಳೆದುಕೊಂಡು ಬಂದು ಮರಿಯ ಪಕ್ಕ ಕೂತ. ರುಮಾಲು ಹೊಸದು. ಮಾಳು ಅವನ ಬೆರಳು ತೆರೆದು ಕತ್ತರಿ ಇಟ್ಟು ದೂರ ಸರಿದ. ಮೊದಲ ಹೊಡೆತ ಚೆನ್ನಾಗಿ ಬಿತ್ತು. ಕರಿ ಉಣ್ಣೆಯ ಒಂದು ಪದರು ಹೊರಳಿ ನೆಲಕ್ಕೆ ಬಂತು. ಬೆರಳು ನಡುಗಿ ತೆರೆದವು. ಎರಡನೆಯದೂ ಬಿತ್ತು. ಅವ್ವ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಮರಿಯ ಒಂದು ಮಗ್ಗಲು ಮೆಲ್ಲಮೆಲ್ಲಗೆ ಬೋಳಾಗುತ್ತ ಬಂತು. ಹೊಟ್ಟೆಯ ಎಳೆ ಚರ್ಮ ಕಂಡಿತು.

ಗಿರಿಮಲ್ಲಪ್ಪ ಮೀಸೆ ತೀಡುತ್ತ ಬೇವಿನ ನೆರಳಿನಿಂದ ಎದ್ದು ಬಂದ.

"ಅಣ್ಣಾ, ಅವಸರ ಮಾಡಬ್ಯಾಡ," ಅಂದ. "ಮುಂದಿನ ಕಾರಹುಣ್ಣಿಮಿ ಮಟಾ ಟೈಮ್ ಐತಿ. ಮರಿ ಅಷ್ಟರಾಗ ತಾನೂ ಒಂದ ಮರಿ ಹಾಕತೈತಿ."

ಮಂದಿ ನಕ್ಕರು. ಪಾಂಡಪ್ಪನ ಕುತ್ತಿಗೆಯ ನರ ಎದ್ದಿತು. ಮೊಣಕೈ ಎದೆಗೆ ಹಾರಿತು, ಮುಷ್ಟಿ ಕಚ್ಚಿಕೊಂಡಿತು. ಕತ್ತರಿಯ ಅಲಗು ಒಂದಕ್ಕೊಂದು ಅಂಟಿ ನಿಂತಿತು. ಅವನು ಜಗ್ಗಿದ, ಉಸಿರು ಕಟ್ಟಿ ಹೆಣಗಿದ. ಹೆಣಗಿದಷ್ಟೂ ಬೆರಳು ಬೆಳ್ಳಗಾದವು. ಮಂದಿಯ ನಗು ನಿಂತಿತು. ನಗುವಿಗಿಂತ ಅದು ಕೆಟ್ಟದ್ದಾಗಿತ್ತು.

ಮಾಳು ಹೋಗಿ ಅಪ್ಪನ ಹಿಂದೆ ಕೂತು ಮಣಿಕಟ್ಟು ಹಿಡಿದ.

"ಎರಡನೇ ಕೈ ಬಿತ್ತು," ಅಂದ ಗಿರಿಮಲ್ಲಪ್ಪ.

"ಕತ್ತರಿ ಮುಟ್ಟಿಲ್ಲ ಕಾಕಾ. ಕಣ್ಣ ತಿಕ್ಕೊಂಡ ನೋಡು."

ಪೂಜಾರಿ ಮುತ್ಯಾನ ಕಡೆ ಎಲ್ಲರೂ ನೋಡಿದರು. ಅವನು ಬಹಳ ಹೊತ್ತು ಗಡ್ಡ ಕೆರೆದ. ಹಿರಿಯರು ಕತ್ತರಿಯ ಮಾತು ಹೇಳಿದ್ದಾರೆ, ಮಣಿಕಟ್ಟಿನ ಮಾತು ಹೇಳಿಲ್ಲ ಅಂದ. ಹೊತ್ತಿನ ಮಾತೂ ಹೇಳಿಲ್ಲ. ಮರಿ ಏಳಬಾರದು, ಅಷ್ಟೇ. ಗಿರಿಮಲ್ಲಪ್ಪ ನೆಲಕ್ಕೆ ಉಗಿದು ನೆರಳಿಗೆ ಹೋಗಿ ಕೂತ. ಕಾಯೋಣ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮಂದಿಯೂ ಒಬ್ಬೊಬ್ಬರಾಗಿ ನೆರಳು ಹುಡುಕಿಕೊಂಡು ಹೋದರು. ಯಾರೋ ಚಹಾ ತರಿಸಿದರು.

ಬಿಸಿಲಲ್ಲಿ ತಂದೆ, ಮಗ, ಮರಿ ಉಳಿದವು. ಮಾಳು ಮಣಿಕಟ್ಟನ್ನು ಮೆಲ್ಲಗೆ ಕೆಳಗೆ ಒತ್ತಿ ಹಿಡಿದ. ಒಳಗೆ ಸ್ನಾಯು ಹಸಿ ಕಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು, ಆಗಾಗ ತಾನಾಗಿಯೇ ಕಂಪಿಸುತ್ತಿತ್ತು. ಅಪ್ಪನ ಬೆನ್ನು ಅವನ ಎದೆಗೆ ತಾಗುತ್ತಿತ್ತು. ಇಷ್ಟು ಹತ್ತಿರ ಅವರು ಎಂದೂ ಕೂತವರಲ್ಲ. ಎಲೆಯಡಿಕೆ ಮತ್ತು ಕುರಿಯ ವಾಸನೆ. ತಳ್ಳಿ ಎದ್ದು ಹೋಗಬೇಕು ಅನ್ನಿಸಿತು. ಹಿಡಿದುಕೊಂಡು ಕೂತ.

"ಬಾಯಾರು ಅಂದದ್ದ ಕೇಳಿದಿ ಹೌದಲ್ಲೊ," ಅಂದ, ಅಪ್ಪನ ಕಿವಿಗಷ್ಟೇ ಕೇಳುವ ಹಾಗೆ. "ಅವತ್ತ ಒಯ್ದಿದ್ರ ನನ್ನ ಕೈ ನೆಟ್ಟಗಾಗ್ತಿತ್ತಂತ. ನಮ್ಮ ನಸೀಬ. ಹೊಳಿ ಬಂದಿತ್ತು."

ಮರಿ ಒಮ್ಮೆ ಕಾಲು ಝಾಡಿಸಿ ಸುಮ್ಮನಾಯಿತು.

"ಹೊಳಿ ಬಂದಿದ್ದಿಲ್ಲ," ಅಂದ ಪಾಂಡಪ್ಪ.

ಮಾಳುವಿಗೆ ಮಾತು ಸರಿಯಾಗಿ ಕೇಳಿತ್ತು. ಆದರೂ ಏನಂದಿ ಅಂತ ಕೇಳಿದ.

"ಮೊಣಕಾಲಮಟಾ ನೀರಿತ್ತು. ಕುರಿ ದಾಟತಿದ್ದವು." ಅವನು ತಿರುಗಿ ನೋಡಲಿಲ್ಲ. ಮಾತು ಜೊಲ್ಲಿನಲ್ಲಿ ಕಲಸಿಕೊಂಡು, ಆದರೆ ಅವಸರವಿಲ್ಲದೆ, ಹೊಲದ ಬದುವಿನ ಮೇಲೆ ಕೂತು ಮಾತಾಡುವವನಂತೆ ಬಂತು. "ಕೈ ನೆಟ್ಟಗಿದ್ರ ನೀ ಮತ್ತ ಸಾಲಿ ಅಂತಿದ್ದಿ. ಸಾಲಿ ಆದಮ್ಯಾಲ ಪ್ಯಾಟಿ ಅಂತಿದ್ದಿ. ಸೊಟ್ಟ ಕೈಯಾಂವಗ ಕುರಿ ಬಿಟ್ರ ಯಾರ ಗತಿ? ಅದಕ್ಕ ನಾನ ಹಂಗ ಕಟ್ಟಿದೆ. ಅದಕ್ಕ ಇವತ್ತ ಹಿಂಡ ಐತಿ ನಿನಗ, ನೀ ಐದಿ ಹಿಂಡಿಗೆ."

ಹೇಳಿ ಮುಗಿಸಿ ಅವನು ಉದ್ದಕ್ಕೆ ಉಸಿರು ಬಿಟ್ಟ. ಬೆನ್ನು ಸಡಿಲಾಗಿ ಮಗನ ಎದೆಯ ಮೇಲೆ ಒರಗಿತು. ಮಾಳುವಿನ ಕೈಯೊಳಗೆ ಮಣಿಕಟ್ಟು ತಾನಾಗಿಯೇ ಬಾಗಿತು. ಕಿರುಬೆರಳು ಎದ್ದಿತು, ಅದರ ಪಕ್ಕದ್ದು ಎದ್ದಿತು. ಕತ್ತರಿ ಬಾಯಿ ಬಿಟ್ಟಿತು. ಮನೆಯಲ್ಲಿ ಯಾವ ದಿನವೂ ಇಷ್ಟು ತೆರೆದಿರಲಿಲ್ಲ.

"ಬಿಟ್ತು ನೋಡು," ಅಂದ ಪಾಂಡಪ್ಪ. "ಗಟ್ಟಿ ಹಿಡಿ. ಮುಗಸೂಣು."

ನೆರಳಿನಲ್ಲಿದ್ದವರು ಎದ್ದು ನಿಂತರು. ಗಿರಿಮಲ್ಲಪ್ಪನ ಕೈಯ ಚಹಾದ ಬಸಿ ತುಟಿಯ ಹತ್ತಿರ ನಿಂತುಬಿಟ್ಟಿತು. ಇನ್ನೊಂದು ಮಗ್ಗಲು ಬಾಕಿ, ಅಷ್ಟೇ. ಬಿಸಿಲು ಇಳಿಯುವುದರೊಳಗೆ ಮುಗಿಯುತ್ತಿತ್ತು. ಅವ್ವ ಎರಡು ಹೆಜ್ಜೆ ಮುಂದೆ ಬಂದಳು.

ಮಾಳು ಮಣಿಕಟ್ಟು ಬಿಟ್ಟ. ಅಪ್ಪನ ಹಿಂದಿನಿಂದ ಎದ್ದು ಮುಂದೆ ಬಂದ. ಮೊಣಕಾಲೂರಿ ಕೂತು ಮರಿಯ ಕಾಲಿನ ಹಗ್ಗಕ್ಕೆ ಕೈ ಹಾಕಿದ. ಗಂಟು ತಾನೇ ಹಾಕಿದ್ದು. ಒಂದೇ ಎಳೆತಕ್ಕೆ ಬಿಚ್ಚಿತು.

"ಏನ ಮಾಡಾಕತ್ತಿಲೇ," ಅಂದ ಪಾಂಡಪ್ಪ.

ಮರಿಗೆ ಬಿಚ್ಚಿದ್ದು ಕೂಡಲೇ ತಿಳಿಯಲಿಲ್ಲ. ಕಾಲು ಕೂಡಿಸಿಕೊಂಡೇ ಬಿದ್ದಿತ್ತು. ಮಾಳು ಅದರ ಹೊಟ್ಟೆಯ ಕೆಳಗೆ ಕೈ ತೂರಿಸಿ ಎತ್ತಿ ನಿಲ್ಲಿಸಿದ. ಪಾಂಡಪ್ಪ ಕತ್ತರಿ ಹಿಡಿದ ಕೈಯನ್ನು ಮುಂದೆ ಚಾಚಿದ. ಅದು ಅರ್ಧ ದಾರಿಯಲ್ಲೇ ಮಡಚಿಕೊಂಡು, ಎದೆಗೆ ಬಂದು, ಮುಷ್ಟಿಯಾಗಿ ನಿಂತಿತು. ಅವನು ಬೈಯತೊಡಗಿದ. ಮೊದಲು ಮಗನ ಹೆಸರು ಹಿಡಿದು, ಆಮೇಲೆ ಹೆಸರಿಲ್ಲದೆ. ಗಿರಿಮಲ್ಲಪ್ಪ ಬಸಿ ಕೆಳಗಿಟ್ಟು ಪೂಜಾರಿಯ ಮುಖ ನೋಡಿದ. ಪೂಜಾರಿ ನೆಲ ನೋಡಿದ. ಯಾರೂ ಮರಿಯನ್ನು ಹಿಡಿಯಲು ಹೋಗಲಿಲ್ಲ.

ಮರಿ ನಡುಗುತ್ತ ಹಿಂಡಿನ ಕಡೆ ಓಡಿತು. ಒಂದು ಮಗ್ಗಲು ಕರಿ ಉಣ್ಣೆ, ಇನ್ನೊಂದು ಮಗ್ಗಲು ಬೋಳು. ತಾಯಿಕುರಿ ಕೂಗುವುದನ್ನು ನಿಲ್ಲಿಸಿ ಎದುರು ಬಂತು. ಬೋಳು ಮಗ್ಗಲನ್ನು ಮೂಸಿತು, ಕಬ್ಬಿಣದ ವಾಸನೆಗೆ ಹಿಂದೆ ಸರಿದು ನೆಲಕ್ಕೆ ಕಾಲು ಬಡಿಯಿತು. ಮರಿ ಅಲ್ಲೇ ನಿಂತಿತ್ತು. ತಾಯಿ ನಿಧಾನವಾಗಿ ಅದರ ಸುತ್ತ ಬಂದು, ಇನ್ನೊಂದು ಮಗ್ಗಲಿಗೆ ಮೂಗು ಒತ್ತಿ ನಿಂತಿತು.